ಥಾರ್‌ಗೆ ಹಿಂದಿನ ಬಾಗಿಲು ಬಂತು

2019ರ ನವೆಂಬರ್‌ನಲ್ಲಿ ಅಮೆರಿಕದ ಫೋರ್ಡ್ ಕಂಪನಿ ಒಂದು ಎಲೆಕ್ಟ್ರಿಕ್ ಎಸ್‌ಯುವಿಯನ್ನು ಜಗತ್ತಿಗೆ ತೋರಿಸಿತು. ಐದು ಜನ ಆರಾಮಾಗಿ ಕೂರಬಹುದು, ಸಂತೆ ಸಾಮಾನು ಇಡಲು ಜಾಗವಿದೆ, ಮಗುವಿನ ಸೀಟು ಕಟ್ಟಲು ಕೊಂಡಿಯಿದೆ. ಅಪ್ಪಟ ಸಂಸಾರಸ್ಥರ ಗಾಡಿ. ಅದಕ್ಕೆ ಇಟ್ಟ ಹೆಸರು ಮಾತ್ರ ಮಸ್ಟಾಂಗ್ ಮ್ಯಾಕ್-ಇ. ಮಸ್ಟಾಂಗ್ ಎಂದರೆ 1964ರಿಂದ ಉದ್ದ ಮೂತಿಯ, ಎರಡು ಬಾಗಿಲಿನ, ಗುಡುಗುವ ಎಂಜಿನ್ನಿನ ಸ್ಪೋರ್ಟ್ಸ್ ಕಾರು. ಮುಂದೆ ಓಡುವ ಕುದುರೆಯ ಲಾಂಛನ. ಅದೇ ಕುದುರೆಯನ್ನು ಎಂಜಿನ್ನೇ ಇಲ್ಲದ ಗಾಡಿಗೆ ಅಂಟಿಸಿದ್ದಕ್ಕೆ ಅಭಿಮಾನಿಗಳು ಕೆರಳಿದರು. ಹೆಸರು ತೆಗೆಯಿರಿ ಎಂದು ಸಹಿ ಸಂಗ್ರಹವೂ ನಡೆಯಿತು.

ಅಮೆರಿಕದವರ ಜಗಳ ನಮಗ್ಯಾಕೆ ಎನ್ನಬಹುದು. 2016ರಲ್ಲಿ ಮಸ್ಟಾಂಗ್ ಭಾರತಕ್ಕೆ ಬಂದಾಗ ಬೆಲೆ ಸುಮಾರು 65 ಲಕ್ಷ ರೂಪಾಯಿ. ಆ ದುಡ್ಡಿಗೆ ಹುಬ್ಬಳ್ಳಿಯಲ್ಲಿ ಮನೆಯೇ ಬರುತ್ತಿತ್ತು. ಆದರೆ ಅದೇ ಜಗಳ ಬೇರೆ ಹೆಸರಿನಲ್ಲಿ ನಮ್ಮ ಗೋಕುಲ ರಸ್ತೆಯಲ್ಲಿ ದಿನಾ ನಡೆಯುತ್ತದೆ. ಇಲ್ಲಿ ಮಸ್ಟಾಂಗ್‌ನ ಜಾಗದಲ್ಲಿರುವುದು ಮಹೀಂದ್ರಾ ಥಾರ್.

ವಿಮಾನ ನಿಲ್ದಾಣ, ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಇಂಡಸ್ಟ್ರಿಯಲ್ ಎಸ್ಟೇಟ್ ಎಲ್ಲ ಇರುವ ಈ ರಸ್ತೆಯಲ್ಲಿ ಗಾಡಿ ಮಾರುವವರೂ ರಿಪೇರಿ ಮಾಡುವವರೂ ಸಾಲಾಗಿ ಸಿಗುತ್ತಾರೆ. ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಮಳಿಗೆಯಲ್ಲಿ ನಾನು ಎಂಬಿಎ ಮುಗಿಸಿ ಕೆಲಸ ಹುಡುಕುತ್ತಲೇ ಎಂಟು ತಿಂಗಳಿಂದ ಲೆಕ್ಕ, ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ಹೊಸ ಕಾರಿನ ಶೋರೂಮಿನಲ್ಲಿ ಜನ ಕನಸು ಕೊಳ್ಳುತ್ತಾರೆ, ನಮ್ಮಲ್ಲಿ ಅದನ್ನು ಮಾರಲು ಬರುತ್ತಾರೆ. ಹಾಗಾಗಿ ಯಾವ ಕಾರು ಯಾಕೆ ಕೈಬಿಟ್ಟಿತು ಎಂಬುದು ನಮಗೆ ಚೆನ್ನಾಗಿ ತಿಳಿಯುತ್ತದೆ.

ಮೂರು ಬಾಗಿಲಿನ ಥಾರ್ ಮಾರಲು ಬರುವವರು ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: ಮದುವೆ ಆಯ್ತು, ಅಥವಾ ಮಗು ಆಯ್ತು. (ಮೂರು ಬಾಗಿಲು ಎಂದರೆ ಅಕ್ಕಪಕ್ಕ ಎರಡು, ಹಿಂದೆ ಡಿಕ್ಕಿಯದೊಂದು.) ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ ನುಸುಳಬೇಕು. ಇಪ್ಪತ್ತೈದರ ಹುಡುಗನಿಗೆ ಅದೊಂದು ಮಜಾ. ಸೀರೆ ಉಟ್ಟವರಿಗೆ ಅದು ಶಿಕ್ಷೆ.

ಕುಂದಗೋಳ ಕಡೆಯ ಒಬ್ಬರು ಕೆಂಪು ಥಾರ್ ತಂದಿದ್ದರು. ಜೊತೆಗೆ ಹೆಂಡತಿ, ಎರಡು ವರ್ಷದ ಮಗಳು, ತಾಯಿ. ತಾಯಿ ಕೆಳಗಿಳಿಯುವುದಕ್ಕೇ ಐದು ನಿಮಿಷ ಹಿಡಿಯಿತು. ಮಾಲೀಕರು ಗಾಡಿ ಸುತ್ತಿ ನೋಡಿ ರೇಟು ಹೇಳಿದರು. ಅವರು ರೇಟಿನ ಮಾತೇ ಆಡಲಿಲ್ಲ.

“ಮಾರಾಕ ಮನಸ್ಸ ಬರವಲ್ದರಿ ಸಾವಕಾರ್ರ. ಊರಾಗ ನನಗ ಥಾರ್ ಅಣ್ಣ ಅಂತಾನ ಕರೀತಾರ.”

ಅಷ್ಟರಲ್ಲಿ ತಾಯಿ, “ನಿನ್ನ ಮನಸ್ಸ ಇರ್ಲಿ ತಮ್ಮಾ, ನನ್ನ ಮೊಣಕಾಲ ಏನ ಅಂತಾವ ಅದನ್ನೂ ಒಂದೀಟ ಕೇಳ” ಅಂದರು. ಎಲ್ಲರೂ ನಕ್ಕೆವು. ಆದರೆ ಮಾತು ಅಲ್ಲಿಗೇ ತೀರ್ಮಾನವಾಗಿತ್ತು.

ಅದೇ ದುಡ್ಡಿಗೆ ಸಿಗುವ, ಮೆತ್ತಗೆ ಓಡುವ, ಡಿಕ್ಕಿ ದೊಡ್ಡದಿರುವ ಎರಡು ಮೂರು ಗಾಡಿ ನಾನೇ ತೋರಿಸಿದೆ. ಬೇಡವೆಂದರು. ಅವರ ಲೆಕ್ಕದಲ್ಲಿ ಉಳಿದಿದ್ದು ಒಂದೇ ಗಾಡಿ, ಥಾರ್ ರಾಕ್ಸ್. ಬಾಗಿಲು ಐದು, ಹೆಸರು ಅದೇ. ವಾರ ಬಿಟ್ಟು ಬಂದು ಹಳೆಯದನ್ನು ನಮಗೆ ಕೊಟ್ಟು ಹೋದರು.

ಕಂಪನಿ ಹಿಡಿದಿದ್ದು ಈ ಮನುಷ್ಯನ ನಾಡಿಯನ್ನು. ಥಾರ್ ಮೊದಲು ಬಂದಿದ್ದು 2010ರಲ್ಲಿ, ಹಳೆ ಜೀಪಿನ ಚಹರೆಯಲ್ಲಿ. 2020ರಲ್ಲಿ ಹೊಸ ರೂಪ ಬಂದ ಮೇಲೆ ಅದು ಹುಡುಗರ ಹುಚ್ಚಾಯಿತು. 2024ರ ಆಗಸ್ಟ್ 15ರಂದು ಐದು ಬಾಗಿಲಿನ ರಾಕ್ಸ್ ಬಂತು, ಆರಂಭದ ಬೆಲೆ 12.99 ಲಕ್ಷ. ಅಕ್ಟೋಬರ್ 3ರಂದು ಬುಕಿಂಗ್ ತೆರೆದಾಗ ಮೊದಲ ಒಂದು ತಾಸಿನಲ್ಲೇ 1.76 ಲಕ್ಷಕ್ಕೂ ಹೆಚ್ಚು ಬುಕಿಂಗ್ ಆದವು. ಇದು ಬರೀ ಹೊಸ ಗಾಡಿಯ ಆಕರ್ಷಣೆ ಅಲ್ಲ. ಥಾರ್ ಬೇಕು, ಮನೆಯಲ್ಲಿ ಒಪ್ಪುವುದಿಲ್ಲ ಎಂದು ನಾಲ್ಕು ವರ್ಷ ತಡೆದು ಕೂತವರ ಸಾಲು ಅದು.

ನಮ್ಮ ಕಡೆ ಕಾರು ಕೊಳ್ಳುವುದು ಒಬ್ಬರ ನಿರ್ಧಾರ ಅಲ್ಲವೇ ಅಲ್ಲ. ಸಾಲದ ಅರ್ಜಿಯಲ್ಲಿ ಎಷ್ಟೋ ಸಲ ಮಗನ ಜೊತೆ ಅಪ್ಪನ ಸಹಿಯೂ ಇರುತ್ತದೆ. ಬಣ್ಣ ಹೆಂಡತಿಯದು, ಮುಹೂರ್ತ ಅಜ್ಜಿಯದು. ಮಗನಿಗೆ ಹೆಸರು ಸಿಕ್ಕಿ, ತಾಯಿಗೆ ಬಾಗಿಲು ಸಿಕ್ಕಿ, ಅಪ್ಪನಿಗೆ ಆರು ಏರ್‌ಬ್ಯಾಗು ಮತ್ತು ಭಾರತ್ ಎನ್‌ಕ್ಯಾಪ್‌ನ ಐದು ಸ್ಟಾರ್ ಸಿಕ್ಕರೆ ಮೂವರೂ ಒಂದೇ ಕಾಗದಕ್ಕೆ ಸಹಿ ಹಾಕುತ್ತಾರೆ.

ಆ ಬಾಗಿಲು ಪುಕ್ಕಟೆ ಅಲ್ಲ ಎಂಬುದನ್ನೂ ಹೇಳಬೇಕು. ಮೂರು ಬಾಗಿಲಿನ ಥಾರ್‌ನ ಉದ್ದ 3985 ಮಿಲಿಮೀಟರ್, ರಾಕ್ಸ್‌ನದು 4428. ನಮ್ಮ ದೇಶದಲ್ಲಿ ನಾಲ್ಕು ಮೀಟರ್ ಎಂಬುದೊಂದು ಗಡಿ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಪ್ರಕಾರ, ನಾಲ್ಕು ಮೀಟರ್ ಒಳಗಿದ್ದು ಡೀಸೆಲ್ ಎಂಜಿನ್ 1500 ಸಿಸಿ ಮೀರದ ಗಾಡಿಗೆ ಶೇ 18. ಗಡಿ ದಾಟಿದರೆ ಶೇ 40. ಚಿಕ್ಕ ಡೀಸೆಲ್ ಎಂಜಿನ್ನಿನ ಮೂರು ಬಾಗಿಲಿನ ಥಾರ್ ಗಡಿಯ ಒಳಗೆ, ರಾಕ್ಸ್ ಹೊರಗೆ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ: ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ 14, ಹತ್ತು ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ 17, ಆ ತೆರಿಗೆಯ ಮೇಲೆ ಉಪಕರ ಬೇರೆ. ಎರಡು ಬಾಗಿಲು ಹೆಚ್ಚಾದರೆ ಕಂಪನಿಗಿಂತ ಮೊದಲು ಖುಷಿಪಡುವುದು ಸರ್ಕಾರ. ಇಷ್ಟೆಲ್ಲ ಗೊತ್ತಿದ್ದೂ ಜನ ಕೊಡುತ್ತಿದ್ದಾರೆ ಎಂದರೆ ಹೆಸರಿನ ಬೆಲೆ ಎಷ್ಟೆಂದು ಊಹಿಸಿ.

ಹೆಸರೊಂದಕ್ಕೆ ಇಷ್ಟು ಬೆಲೆಯೇ ಎನ್ನುವವರು ಮೈಸೂರಿನ ಯೆಜ್ಡಿ ಬೈಕಿನ ಕಥೆ ನೋಡಬೇಕು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಯಂತ್ರ ಹೋಯಿತು, ಕೆಲಸ ಹೋಯಿತು. ಉಳಿದಿದ್ದು ಹೆಸರು. 2022ರ ಜನವರಿಯಲ್ಲಿ ಅದೇ ಹೆಸರಿನಲ್ಲಿ ಹೊಸ ಬೈಕುಗಳು ಬಂದವು, ಹೆಸರು ಯಾರದ್ದು ಎಂಬ ಜಗಳ ನಮ್ಮ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು.

ಹಾಗೆಂದು ಹುಡುಗರ ಗಾಡಿಗೆ ಬಾಗಿಲು ಇಟ್ಟರೆ ಸಾಕು, ಸಂಸಾರ ಹತ್ತಿ ಕೂರುತ್ತದೆ ಎಂದೇನಿಲ್ಲ. ಮಾರುತಿಯವರು 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ತಂದರು. ಹೊರದೇಶಗಳಲ್ಲಿ ಜಿಮ್ನಿ ಎಂದರೆ ಮೂರು ಬಾಗಿಲಿನ ಪುಟ್ಟ ಗುಡ್ಡಗಾಡಿನ ಗಾಡಿ, ದೊಡ್ಡ ಹೆಸರು. ನಮ್ಮಲ್ಲಿ ಜನರ ಬಾಯಲ್ಲಿದ್ದ ಹೆಸರು ಜಿಪ್ಸಿ. ಐದು ಬಾಗಿಲಿದ್ದರೂ ಸೀಟು ನಾಲ್ಕೇ. ನಿರೀಕ್ಷೆಯ ಮಟ್ಟಕ್ಕೆ ಅದು ಇಲ್ಲಿ ಓಡಲೇ ಇಲ್ಲ. ಮಜಾ ಏನೆಂದರೆ, ಭಾರತದಲ್ಲೇ ತಯಾರಾದ ಅದೇ ಗಾಡಿ 2025ರ ಜನವರಿ ಕೊನೆಗೆ ಜಪಾನಿನಲ್ಲಿ ಜಿಮ್ನಿ ನೊಮೇಡ್ ಎಂದು ಪ್ರಕಟವಾದಾಗ ನಾಲ್ಕೈದು ದಿನದಲ್ಲಿ ಸುಮಾರು 50 ಸಾವಿರ ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯಿತು. ಅಲ್ಲಿನವರಿಗೆ ಜಿಮ್ನಿ ಎಂಬ ಹೆಸರಿನ ಜೊತೆ ಐವತ್ತು ವರ್ಷದ ನಂಟಿದೆ. ನಮಗೆ ಇಲ್ಲ. ಹೆಸರು ಹಿಗ್ಗಬೇಕಾದರೆ ಮೊದಲು ಅದು ಜನರ ಮನಸ್ಸಿನಲ್ಲಿ ಬೇರು ಬಿಟ್ಟಿರಬೇಕು.

ಹೆಸರು ಹಿಗ್ಗಿಸದೆ ಬಿಟ್ಟ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದಿತ್ತು. ಫೈಬರ್ ಮೈ, 848 ಸಿಸಿ ಎಂಜಿನ್. ತೂಕ ಕಡಿಮೆ ಇದ್ದ ಕಾರಣ ಶೋಲಾವರಂ ರೇಸಿನಲ್ಲಿ ಓಡಿಸುವವರಿಗೆ ಅದು ಅಚ್ಚುಮೆಚ್ಚು. ಪಕ್ಕದ ಬಾಗಿಲು ಎರಡೇ ಆಗಿದ್ದರಿಂದ ಸಂಸಾರಸ್ಥರು ಹಿಂಜರಿದರು. ಆಮೇಲೆ ಕಂಪನಿ ನಾಲ್ಕೂ ಕಡೆ ಬಾಗಿಲು ಇಟ್ಟಿತು, ಆದರೆ ಹೊಸ ಹೆಸರಿನಲ್ಲಿ: ಮೊಂಟಾನ. 1983ರ ಕೊನೆಗೆ ಬಂದ ಮಾರುತಿ 800ರ ಎದುರು ಅದು ನಿಲ್ಲಲಿಲ್ಲ. ಡಾಲ್ಫಿನ್ ಎಂದೇ ಕರೆದಿದ್ದರೂ ಮಾರುತಿಯನ್ನು ಸೋಲಿಸುತ್ತಿರಲಿಲ್ಲ ಬಿಡಿ. ಆದರೆ ರೇಸಿನಲ್ಲಿ ಗಳಿಸಿದ್ದ ಒಂದಿಷ್ಟು ಹೆಸರನ್ನು ಅವರಾಗಿಯೇ ಹಿಂದೆ ಬಿಟ್ಟು ಬಂದರು ಎಂದು ನನಗನ್ನಿಸುತ್ತದೆ.

ಮೊನ್ನೆ ಒಂದು ಸಂದರ್ಶನದ ಗುಂಪು ಚರ್ಚೆಯಲ್ಲಿ ಇದೇ ವಿಷಯ ಕೊಟ್ಟಿದ್ದರು. ಹೆಚ್ಚಿನವರು ಪುಸ್ತಕದ ‘ಬ್ರ್ಯಾಂಡ್ ಡೈಲ್ಯೂಷನ್’ ಹಿಡಿದುಕೊಂಡು, ಸ್ಪೋರ್ಟ್ಸ್ ಹೆಸರನ್ನು ಸಂಸಾರದ ಗಾಡಿಗೆ ಇಟ್ಟರೆ ಹೆಸರು ತೆಳುವಾಗುತ್ತದೆ ಎಂದರು. ನಾನು ಮಸ್ಟಾಂಗ್ ಹುಟ್ಟಿದ್ದನ್ನೇ ಹೇಳಿದೆ. 1964ರ ಏಪ್ರಿಲ್ 17ರಂದು ಬಂದ ಮೊದಲ ಮಸ್ಟಾಂಗ್ ಯಾವುದರ ಮೇಲೆ ಕಟ್ಟಿದ್ದು ಗೊತ್ತೇ? ಫೋರ್ಡ್‌ನದೇ ಫಾಲ್ಕನ್ ಎಂಬ ಅಗ್ಗದ ಸಂಸಾರದ ಕಾರಿನ ಬಿಡಿಭಾಗಗಳ ಮೇಲೆ. ಅದಕ್ಕೇ ಬೆಲೆ 2,368 ಡಾಲರ್‌ಗೆ ಇಳಿಯಿತು, ಮೊದಲ ವರ್ಷವೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಸಂಸಾರದ ಕಾರಿನ ಹೊಟ್ಟೆಯಲ್ಲಿ ಹುಟ್ಟಿದ ಕುದುರೆ ಐವತ್ತೈದು ವರ್ಷದ ಮೇಲೆ ಸಂಸಾರಕ್ಕೆ ಮರಳಿದರೆ ಅದರಲ್ಲೇನು ಅವಮಾನ?

ಆದರೆ ಎದುರಿನ ಹುಡುಗಿಯೊಬ್ಬಳು ಒಳ್ಳೆ ಮಾತು ಹೇಳಿದಳು. 1980ರ ದಶಕದಲ್ಲಿ ಫೋರ್ಡ್‌ನವರು ಮಜ್ದಾ ಜೊತೆ ಸೇರಿ ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರು ತಯಾರಿಸಿ ಅದನ್ನೇ ಮುಂದಿನ ಮಸ್ಟಾಂಗ್ ಮಾಡಲು ಹೊರಟಿದ್ದರು. ಅಭಿಮಾನಿಗಳು ಪತ್ರಗಳ ಮಳೆ ಸುರಿಸಿದರು. ಆ ಕಾರು 1988ರಲ್ಲಿ ಪ್ರೋಬ್ ಎಂಬ ಹೆಸರಿನಲ್ಲಿ ಬಂತು, 1997ಕ್ಕೆ ನಿಂತೇ ಹೋಯಿತು. ಹಳೆ ಮಸ್ಟಾಂಗ್ ಉಳಿದುಕೊಂಡಿತು. ಹೆಸರು ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಕಂಪನಿಗಿಂತ ಚೆನ್ನಾಗಿ ಬಲ್ಲವರು ಕೊಳ್ಳುವವರು ಎಂಬುದು ಅವಳ ವಾದ. ನನಗೆ ಅದು ಒಪ್ಪಿಗೆಯಾಯಿತು, ಚರ್ಚೆಯಲ್ಲಿ ಒಪ್ಪಿಕೊಂಡರೆ ಅಂಕ ಹೋಗುತ್ತದೆ ಎನ್ನುತ್ತಾರಾದರೂ.

ರಾಕ್ಸ್ ಬಗ್ಗೆ ನಮ್ಮಲ್ಲಿ ಅಂಥ ಸಿಟ್ಟು ಏಳದಿರುವುದಕ್ಕೆ ಕಾರಣವೂ ಇದೇ ಇರಬೇಕು. ಬಾಗಿಲು ಬಂದರೂ ಅಡಿಯಲ್ಲಿ ಲಾರಿಯಂಥ ಚಾಸಿ ಹಾಗೇ ಇದೆ. ಹಿಂದಿನ ಚಕ್ರವೇ ತಳ್ಳುತ್ತದೆ, ಹೆಚ್ಚು ದುಡ್ಡು ಕೊಟ್ಟರೆ ಡೀಸೆಲ್‌ನಲ್ಲಿ ನಾಲ್ಕು ಚಕ್ರಕ್ಕೂ ಶಕ್ತಿ ಸಿಗುತ್ತದೆ. ಕಪ್ಪು ಮಣ್ಣಿನ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಸಿಕ್ಕಿಕೊಂಡವರಿಗೆ ಅದರ ಬೆಲೆ ಗೊತ್ತು. ಟಾಟಾದವರ ಸಿಯೆರಾ ಮಾತ್ರ ಬೇರೆ. 1991ರ ಸಿಯೆರಾ ಮೂರು ಬಾಗಿಲಿನ, ಹಿಂದೆ ದೊಡ್ಡ ಬಾಗಿದ ಗಾಜಿನ ಶೋಕಿ ಗಾಡಿ. 2025ರ ನವೆಂಬರ್ 25ರಂದು 11.49 ಲಕ್ಷದ ಆರಂಭ ಬೆಲೆಯಲ್ಲಿ ಮರಳಿ ಬಂದ ಸಿಯೆರಾಗೆ ಐದು ಬಾಗಿಲು, ಮುಂದಿನ ಚಕ್ರದ ಚಾಲನೆ. ಹಳೆಯದರಿಂದ ಉಳಿದಿದ್ದು ಹಿಂದಿನ ಗಾಜಿನ ನೋಟ ಮತ್ತು ಹೆಸರು. ಅಷ್ಟೇ ಸಾಕು ಎನ್ನುವವರು ಬಹಳ. ನಮ್ಮ ಮಾಲೀಕರೂ ಅವರಲ್ಲೊಬ್ಬರು. ಹಳೆ ಸಿಯೆರಾದಲ್ಲಿ ಗೋವಾಕ್ಕೆ ಹೋಗಿದ್ದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ.

ಇನ್ನು ಮ್ಯಾಕ್-ಇ. 2024ರಲ್ಲಿ ಅಮೆರಿಕದಲ್ಲಿ ಅದು 51 ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಹೆಸರು ಕೊಟ್ಟ ಎರಡು ಬಾಗಿಲಿನ ಮಸ್ಟಾಂಗ್ ನಿಂತಿದ್ದು 44 ಸಾವಿರಕ್ಕೆ. ನಮ್ಮ ಮಳಿಗೆಯಲ್ಲಿ ಆ ಕೆಂಪು ಥಾರ್ ಹತ್ತು ದಿನವೂ ನಿಲ್ಲಲಿಲ್ಲ. ಕೊಂಡವನು ಧಾರವಾಡದ ಇಪ್ಪತ್ತಾರರ ಹುಡುಗ, ಮೊದಲ ನೌಕರಿ, ಮದುವೆ ಇನ್ನೂ ಆಗಿಲ್ಲ. ಹಿಂದಿನ ಸೀಟನ್ನು ಅವನು ತಿರುಗಿಯೂ ನೋಡಲಿಲ್ಲ.