ಯುದ್ಧದಲ್ಲಿ ಕರಪತ್ರ: ಸುರಿದದ್ದೆಷ್ಟು, ಫಲಿಸಿದ್ದೆಷ್ಟು?

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ ನೇತೃತ್ವದ ಪಡೆಗಳು ಇರಾಕಿ ಸೈನಿಕರ ಮೇಲೆ ಸುರಿದ ಕರಪತ್ರಗಳು ಸುಮಾರು 2.9 ಕೋಟಿ. ಆ ರಣರಂಗದಲ್ಲಿದ್ದ ಇರಾಕಿ ಸೈನಿಕರು, ಯುದ್ಧಾನಂತರದ ಒಂದು ಅಮೆರಿಕನ್ ಅಂದಾಜಿನಂತೆ, 3.36 ಲಕ್ಷ. ತಲೆಗೆ 86 ಹಾಳೆ ಬಿದ್ದಂತಾಯಿತು. ಸೆರೆಯಾದವರು ಸುಮಾರು 87 ಸಾವಿರ.

ಮನೋಸಮರ ಎಂದರೆ ಎದುರಾಳಿಯ ಮನಸ್ಸನ್ನು ಕದಲಿಸಿ ಆಯುಧ ಕೆಳಗಿಡಿಸುವ ಪ್ರಯತ್ನ. ಅದಕ್ಕಾಗಿ ಕರಪತ್ರ ಸುರಿಯುವ ಒಂದು ಸಾಧನ ಎಂ-129 ಎಂಬ ಫೈಬರ್‌ಗ್ಲಾಸ್ ಟೊಳ್ಳು ಬಾಂಬು. ಒಂದರಲ್ಲಿ ಸುಮಾರು 60 ಸಾವಿರ ಕರಪತ್ರ ಹಿಡಿಸುತ್ತವೆ. ಗೊತ್ತುಪಡಿಸಿದ ಎತ್ತರದಲ್ಲಿ ಅದು ಬಿರಿದು, ಹಾಳೆಗಳು ಗಾಳಿಗೆ ಚದುರುತ್ತವೆ. 2.9 ಕೋಟಿಯನ್ನೂ ಇದರಲ್ಲೇ ಸುರಿಯಲು 500ಕ್ಕಿಂತ ಕಡಿಮೆ ಬಾಂಬು ಸಾಕು.

ಸೆರೆಯಾಳುಗಳನ್ನು ವಿಚಾರಿಸಿದ ಅಮೆರಿಕ ಸೇನೆಯ ವರದಿಯಂತೆ ಕರಪತ್ರ ನೋಡಿದವರು 98%, ನಂಬಿದವರು 88%, ಶರಣಾಗತಿಗೆ ಅದೂ ಕಾರಣ ಎಂದವರು 70%. ರೇಡಿಯೊಗೆ ಈ ಅಂಕಿಗಳು 58, 46, 34. ಧ್ವನಿವರ್ಧಕಕ್ಕೆ 34, 18, 16. ಇಲ್ಲಿ ಒಂದು ಎಚ್ಚರ ಬೇಕು. ಉತ್ತರ ಕೊಟ್ಟವರು ಸೆರೆಯಾದವರು, ಕೇಳಿದವರು ಸೆರೆಹಿಡಿದವರು. ಸತ್ತವರ, ಊರಿಗೆ ಓಡಿಹೋದವರ ಮಾತು ಈ ಶೇಕಡಾವಾರಿನಲ್ಲಿ ಇಲ್ಲ.

70% ಎಂಬ ಅಂಕಿಯ ಹಿಂದೆ 38 ದಿನಗಳ ವಾಯುದಾಳಿಯಿದೆ. ಇರಾಕಿನ 16ನೇ ಪದಾತಿ ಡಿವಿಜನ್‌ಗೆ, ನಿಮ್ಮ ಮೇಲೆ ನಾಳೆ ಬಾಂಬು ಬೀಳಲಿದೆ, ಠಾಣೆ ಬಿಟ್ಟು ಹೋಗಿ ಎಂಬ ಚೀಟಿ ಬಿತ್ತು. ಹೇಳಿದಂತೆಯೇ ಬಿ-52 ವಿಮಾನಗಳು ಬಂದವು. ಆಮೇಲೆ ಇನ್ನೊಂದು ಚೀಟಿ ಬಿತ್ತು: ಎಚ್ಚರಿಸಿದ್ದೆವು, ಮಾಡಿ ತೋರಿಸಿದೆವು ಎಂಬ ಅರ್ಥದ್ದು. ನಂಬಿಕೆ ಹುಟ್ಟಿದ್ದು ಹೀಗೆ. ಕಾಗದವನ್ನು ಬಾಂಬಿನಿಂದ ಬೇರ್ಪಡಿಸಿ ಅಳೆಯಲಾಗದು.

2003ರ ಇರಾಕ್ ಯುದ್ಧದಲ್ಲಿ 81 ಬಗೆಯ 3.18 ಕೋಟಿ ಕರಪತ್ರ ಬಿದ್ದವು, 1991ಕ್ಕಿಂತ ಸುಮಾರು 10% ಹೆಚ್ಚು. ಮೊದಲ ವಾರಗಳಲ್ಲಿ ಸೆರೆಯಾದವರು ಸುಮಾರು 7 ಸಾವಿರ, 92% ಕಡಿಮೆ. ಇದನ್ನು ಸೋಲೆಂದು ಓದಿದರೆ ತಪ್ಪಾಗುತ್ತದೆ. ಈ ಸಲ ಅನೇಕ ಕರಪತ್ರಗಳು ಹೇಳಿದ್ದು ಆಯುಧ ಬಿಟ್ಟು ಮನೆಗೆ ಹೋಗಿ ಎಂದು. ಹಾಗೆ ಹೋದವರು ಸೆರೆಯಾಳುಗಳ ಪಟ್ಟಿಗೆ ಸೇರುವುದಿಲ್ಲ.

ಪ್ರಮಾಣವೇ ಫಲ ಕೊಡುವುದಾಗಿದ್ದರೆ ವಿಯೆಟ್ನಾಂ ಯುದ್ಧ ಬೇರೆ ರೀತಿ ಮುಗಿಯಬೇಕಿತ್ತು. 1965ರಿಂದ 1972ರವರೆಗೆ ಅಲ್ಲಿ ಅಮೆರಿಕ ಹಂಚಿದ ಕರಪತ್ರಗಳು ಸುಮಾರು 5,000 ಕೋಟಿ, ಕೊಲ್ಲಿ ಯುದ್ಧದ 1,700 ಪಟ್ಟು. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರ ವಿಯೆಟ್ನಾಂ ವಶವಾಯಿತು. ಎಷ್ಟು ಕೋಟಿ ಕರಪತ್ರ ಸುರಿದೆವು ಎಂದು ಸೇನೆಯೊಂದು ಪ್ರಕಟಿಸಿದಾಗ ಓದುಗರು ಅದನ್ನು ಮುದ್ರಣದ ಲೆಕ್ಕವೆಂದಷ್ಟೇ ಓದಿಕೊಳ್ಳಬೇಕು.