ಕುಲಾವಿಗೆ ಅವಸರವಿಲ್ಲ, ಕಾರ್ ಸೀಟಿಗೆ ಇದೆ

ಬಸುರಿ ತಂಗಿಗೆ ಏಳು ತಿಂಗಳು ತುಂಬಿದ ವಾರ ಬೆಂಗಳೂರಿನ ಮಾಲೊಂದರ ದೊಡ್ಡ ಬೇಬಿ ಅಂಗಡಿಗೆ ಹೋಗಿದ್ದೆವು. ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು: "ನೋಡ್ಕೊಂಡು ಬನ್ನಿ, ಏನೂ ತರಬೇಡಿ. ಕೂಸು ಹುಟ್ಟೋ ಮೊದಲು ಕುಲಾವಿ ಬೇಡ."

ಬಾಗಿಲಲ್ಲೇ ಬಿಳಿ ಬಣ್ಣದ ಕ್ರಿಬ್ ಒಂದನ್ನು ಸಿಂಗರಿಸಿ ಇಟ್ಟಿದ್ದರು. ಸುತ್ತ ಹತ್ತಿ ತುಂಬಿದ ಬಂಪರ್, ಒಳಗೆ ಜರಿಯಂಚಿನ ದಿಂಬು, ದಪ್ಪ ರಜಾಯಿ, ಎರಡು ಕರಡಿ ಬೊಂಬೆ. ತಂಗಿ ಅಲ್ಲೇ ನಿಂತುಬಿಟ್ಟಳು. ಆ ಅಂಗಡಿಯಲ್ಲಿ ಕಣ್ಣಿಗೆ ಅತಿ ಚೆಂದ ಕಂಡದ್ದು ಅದೇ, ಕೊಳ್ಳಬಾರದ್ದೂ ಅದೇ. ಒಂದು ವರ್ಷದೊಳಗಿನ ಮಗು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು, ಪಕ್ಕದಲ್ಲಿ ಮೆತ್ತನೆಯದೇನೂ ಇರಬಾರದು ಎನ್ನುತ್ತಾರೆ ಮಕ್ಕಳ ವೈದ್ಯರು. ಮುಖ ಹೂತುಹೋದರೆ ಎಳೆಗೂಸಿಗೆ ತಿರುಗಿಕೊಳ್ಳುವ ಶಕ್ತಿ ಇರುವುದಿಲ್ಲ. ಅಮೆರಿಕ 2022ರಲ್ಲಿ ಇಂಥ ಬಂಪರ್‌ಗಳ ಮಾರಾಟವನ್ನೇ ಕಾನೂನು ಮಾಡಿ ನಿಲ್ಲಿಸಿತು. ನಮ್ಮ ಮನೆಗಳ ಸಾಸಿವೆ ದಿಂಬಿಗೂ ಇದೇ ಮಾತು ಸಲ್ಲುತ್ತದೆ; ಅಜ್ಜಿ ಹೊಲಿದದ್ದೆಂದು ಅದಕ್ಕೆ ರಿಯಾಯಿತಿ ಕೊಡಲಾಗದು.

ಚಕ್ರದ ವಾಕರ್ ಸಾಲನ್ನು ನಿಲ್ಲದೆ ದಾಟಿದೆವು. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಗಿಲಕಿಗಳ ಪೊಟ್ಟಣದ ಮೇಲೆ ಐಎಸ್‌ಐ ಗುರುತು ಹುಡುಕಿದೆ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಬಾಟಲಿ, ಹಾಲಿನ ಪುಡಿಗಳ ಮುಂದೆ ಯಾವ ಆಫರ್ ಫಲಕವೂ ಇರಲಿಲ್ಲ. ಇರಕೂಡದು ಕೂಡ: 1992ರ ಕಾಯ್ದೆ ಅವುಗಳ ಜಾಹೀರಾತನ್ನೂ ಉಡುಗೊರೆ ಆಮಿಷವನ್ನೂ ತಡೆದಿದೆ. ಎಲ್ಲಾದರೂ "ಒಂದು ಕೊಂಡರೆ ಬಾಟಲಿ ಉಚಿತ" ಎಂದರೆ ಅದು ಕಾನೂನು ಮೀರಿದ ವ್ಯಾಪಾರ.

ಬಸುರಿಯರ ಉಡುಪಿನ ಸಾಲಿನಲ್ಲಿ ತಂಗಿ ಎರಡು ಫೀಡಿಂಗ್ ಕುರ್ತಿ ಆರಿಸಿದಳು. ಬಸ್ಸಿನಲ್ಲಾಗಲಿ ಆಫೀಸಿನಲ್ಲಾಗಲಿ ಸಂಕೋಚವಿಲ್ಲದೆ ಹಾಲೂಡಿಸಲು ಅನುವಾಗುವ ಬಟ್ಟೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಾಣಂತಿ ಕೋಣೆಯೊಳಗೆ ಗುಂಡಿಯ ನೈಟಿ ಸಾಕು. ಮಗುವಿನ ಬಟ್ಟೆಗಂತೂ ಒಗೆದೊಗೆದು ಮೆತ್ತಗಾದ ಅಮ್ಮನ ಕಾಟನ್ ಸೀರೆಗೆ ಸಮನಾದ ಬಟ್ಟೆ ಆ ಅಂಗಡಿಯಲ್ಲಿ ನನಗೆ ಸಿಗಲಿಲ್ಲ.

ಕಾರ್ ಸೀಟುಗಳು ಹಿಂದಿನ ಮೂಲೆಯಲ್ಲಿದ್ದವು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಬೆಲೆ 12 ಸಾವಿರ. "ನನ್ನ ಮಡಿಲಲ್ಲೇ ಕೂರಿಸಿಕೊಳ್ತೀನಲ್ಲಾ ಅಕ್ಕಾ" ಎಂದಳು ತಂಗಿ. ಮಡಿಲಿನಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ ಎಂದೇ ನಾವೆಲ್ಲ ನಂಬಿದ್ದೇವೆ. ಆದರೆ ಓಡುವ ಕಾರು ಡಿಕ್ಕಿಯಾಗಿ ತಟ್ಟನೆ ನಿಂತಾಗ ಮಗುವಿನ ತೂಕ ಎಷ್ಟೋ ಪಟ್ಟು ಹೆಚ್ಚಿದಂತಾಗುತ್ತದೆ, ಯಾವ ತಾಯಿಯ ತೋಳೂ ಅದನ್ನು ಹಿಡಿದಿಡಲಾರದು. ಅದಕ್ಕೇ ಎಳೆಗೂಸನ್ನು ಹಿಂದಿನ ಸೀಟಿನಲ್ಲಿ, ಮುಖ ಕಾರಿನ ಹಿಂಬದಿಗೆ ಇರುವಂತೆ ಬಿಗಿದು ಕೂರಿಸಬೇಕು. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಹಾಕಿ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ 1,000 ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ದಂಡ ಕಟ್ಟಿದವರನ್ನು ನಾನಿನ್ನೂ ಕಂಡಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಹಸುಗೂಸನ್ನು ಎದೆಗವಚಿಕೊಂಡು ಮುಂದಿನ ಸೀಟಿಗೇ ಹತ್ತುವ ಬಾಣಂತಿಯರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ಎರಡು ಕುರ್ತಿ, ಒಂದು ಕಾರ್ ಸೀಟು ಹಿಡಿದು ಮನೆಗೆ ಬಂದೆವು. ಅಮ್ಮನ ಮುಖ ಸಣ್ಣದಾಯಿತು. ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದೆ. ತೊಟ್ಟಿಲು, ಕುಲಾವಿ, ಗಿಲಕಿ ಎಲ್ಲ ನಾಮಕರಣದ ಹೊತ್ತಿಗೆ ಬರಲಿ. ಆ ಶಾಸ್ತ್ರ ನನಗೂ ಇಷ್ಟ. ಕಾರಿರುವ ಮನೆಯವರು ಸೀಟನ್ನು ಮಾತ್ರ ಹೆರಿಗೆಗೆ ಮುಂಚೆಯೇ ತಂದು ಕಾರಿನಲ್ಲಿ ಬಿಗಿದಿಡಿ. ಮಗುವಿಗೆ ಅದು ಬೇಕಾಗುವುದು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲ ದಾರಿಯಲ್ಲೇ.