ಪ್ರಾಕ್ಸಿ ಸೆಟ್ಟಿಂಗ್

ಪ್ರಾಕ್ಸಿ ಸೆಟ್ಟಿಂಗ್ ಎಂಬುದು ಗಣಕಯಂತ್ರವು ಅಂತರಜಾಲವನ್ನು ನೇರವಾಗಿ ಸಂಪರ್ಕಿಸಬೇಕೇ ಅಥವಾ ಪ್ರಾಕ್ಸಿ ಸರ್ವರ್ ಎಂಬ ಮಧ್ಯವರ್ತಿ ಗಣಕದ ಮೂಲಕ ಸಂಪರ್ಕಿಸಬೇಕೇ ಎಂಬುದನ್ನು ನಿರ್ಧರಿಸುವ ವ್ಯವಸ್ಥೆಯಾಗಿದೆ. ಕಾಲೇಜು ಮತ್ತು ಕಚೇರಿಗಳ ಜಾಲಗಳಲ್ಲಿ ಇದರ ಬಳಕೆ ಹೆಚ್ಚು. ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಸಾಮಾನ್ಯವಾಗಿ ಪ್ರಾಕ್ಸಿಯ ಅಗತ್ಯವಿರುವುದಿಲ್ಲ. ಸೆಟ್ಟಿಂಗ್ ತಪ್ಪಾಗಿದ್ದರೆ ಜಾಲತಾಣಗಳು ತೆರೆಯುವುದಿಲ್ಲ. ಅಪರಿಚಿತ ಪ್ರಾಕ್ಸಿಯನ್ನು ಬಳಸಿದರೆ ಬಳಕೆದಾರರ ಮಾಹಿತಿ ಅನ್ಯರ ಕೈಸೇರುವ ಸಾಧ್ಯತೆಯಿದೆ.

ಹಿನ್ನೆಲೆ

ವೆಬ್ ಪ್ರಾಕ್ಸಿಗಳ ಕಾರ್ಯವಿಧಾನವನ್ನು ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ ಅವರು 1994ರಲ್ಲಿ ಜಿನೀವಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿ ವಿವರಿಸಿದರು. ಭಾರತದಲ್ಲಿ ವಿ.ಎಸ್.ಎನ್.ಎಲ್. ಸಂಸ್ಥೆಯು 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ಡಯಲ್-ಅಪ್ ಸಂಪರ್ಕದ ಕಾಲದಲ್ಲಿ ಒಂದೇ ದೂರವಾಣಿ ತಂತಿಯ ಸಂಪರ್ಕವನ್ನು ಹಲವು ಗಣಕಗಳಿಗೆ ಹಂಚಲು ಪ್ರಾಕ್ಸಿ ತಂತ್ರಾಂಶಗಳು ನೆರವಾಗುತ್ತಿದ್ದವು. ಒಮ್ಮೆ ತೆರೆದ ಪುಟದ ಪ್ರತಿಯನ್ನು ಉಳಿಸಿಕೊಂಡು ಮತ್ತೆ ಕೇಳಿದಾಗ ಒದಗಿಸುವುದರಿಂದ ಸಮಯವೂ ಉಳಿಯುತ್ತಿತ್ತು. ಇಂದು ಸಂಪರ್ಕವನ್ನು ಹಂಚುವ ಕೆಲಸವನ್ನು ಮನೆಯ ರೂಟರ್ ನಿರ್ವಹಿಸುತ್ತದೆ.

ಆಯ್ಕೆಗಳು

ಬಹುತೇಕ ಗಣಕಗಳಲ್ಲಿ ಈ ನಾಲ್ಕು ಆಯ್ಕೆಗಳಿರುತ್ತವೆ:

• ಪ್ರಾಕ್ಸಿ ಇಲ್ಲ: ಗಣಕವು ರೂಟರ್ ಮೂಲಕ ನೇರವಾಗಿ ಸಂಪರ್ಕ ಪಡೆಯುತ್ತದೆ. ಮನೆಯ ಬಳಕೆಗೆ ಇದು ಸೂಕ್ತ.
• ಸ್ವಯಂಚಾಲಿತ ಪತ್ತೆ: ಜಾಲದಲ್ಲಿ ಪ್ರಾಕ್ಸಿ ಇದೆಯೇ ಎಂದು ಗಣಕವೇ ಹುಡುಕುತ್ತದೆ. ಈ ವಿಧಾನಕ್ಕೆ ಡಬ್ಲ್ಯುಪಿಎಡಿ ಎಂದು ಹೆಸರು.
• ಸೆಟಪ್ ಸ್ಕ್ರಿಪ್ಟ್: ಯಾವ ತಾಣಕ್ಕೆ ಪ್ರಾಕ್ಸಿ ಬೇಕು, ಯಾವುದಕ್ಕೆ ಬೇಡ ಎಂಬ ನಿಯಮಗಳನ್ನು ಒಳಗೊಂಡ ಕಡತದ ವಿಳಾಸವನ್ನು ಇಲ್ಲಿ ನೀಡಬೇಕು. ಪ್ಯಾಕ್ ಎಂದು ಕರೆಯಲಾಗುವ ಈ ಕಡತದ ರೂಪವನ್ನು ನೆಟ್‌ಸ್ಕೇಪ್ ಸಂಸ್ಥೆಯು 1996ರಲ್ಲಿ ರೂಪಿಸಿತು.
• ಕೈಯಾರೆ ನಮೂದು: ಪ್ರಾಕ್ಸಿಯ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ಬಳಕೆದಾರರೇ ತುಂಬಬೇಕು. 8080, ಸ್ಕ್ವಿಡ್ ತಂತ್ರಾಂಶದ 3128 ಹಾಗೂ ಸಾಕ್ಸ್ ಪ್ರಾಕ್ಸಿಯ 1080 ಸಾಮಾನ್ಯವಾಗಿ ಕಂಡುಬರುವ ಪೋರ್ಟ್‌ಗಳು.

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್ ಅಂಡ್ ಇಂಟರ್‌ನೆಟ್’ ವಿಭಾಗದ ‘ಪ್ರಾಕ್ಸಿ’ ಪುಟದಲ್ಲಿ ಇವು ದೊರೆಯುತ್ತವೆ. ಕ್ರೋಮ್ ಬ್ರೌಸರ್ ಸಾಮಾನ್ಯವಾಗಿ ಗಣಕದ ಸೆಟ್ಟಿಂಗನ್ನೇ ಅನುಸರಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರತ್ಯೇಕ ಸೆಟ್ಟಿಂಗ್‌ಗೂ ಅವಕಾಶವಿದೆ. ಆದ್ದರಿಂದ ಒಂದೇ ಗಣಕದಲ್ಲಿ ಒಂದು ಬ್ರೌಸರ್ ಕೆಲಸ ಮಾಡಿ ಇನ್ನೊಂದು ಮಾಡದಿರುವುದು ಸಾಧ್ಯ.

ಮನೆ ಮತ್ತು ಕಾಲೇಜಿನ ಜಾಲಗಳ ವ್ಯತ್ಯಾಸ

ಉದಾಹರಣೆಗೆ, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ವಾಸಿಸುವ ವಿದ್ಯಾರ್ಥಿಯೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಕಾಲೇಜಿನ ಪ್ರಾಕ್ಸಿ ವಿಳಾಸವನ್ನು ಕೈಯಾರೆ ತುಂಬಲಾಗಿದೆ ಎಂದಿಟ್ಟುಕೊಳ್ಳಬಹುದು. ಇಂತಹ ವಿಳಾಸವು ಅನೇಕ ವೇಳೆ 10, 172.16ರಿಂದ 172.31 ಅಥವಾ 192.168ರಿಂದ ಆರಂಭವಾಗುತ್ತದೆ. ಇವು ಖಾಸಗಿ ಜಾಲಗಳಿಗೆ ಮೀಸಲಾದ ವಿಳಾಸಗಳು. ಕಾಲೇಜಿನ ಜಾಲದ ಹೊರಗಿನಿಂದ ಅವುಗಳನ್ನು ನೇರವಾಗಿ ತಲುಪಲಾಗದು. ಹಾಗಾಗಿ ಮನೆಯ ವೈ-ಫೈ ಸರಿಯಾಗಿದ್ದು ಮೊಬೈಲ್‌ನಲ್ಲಿ ಪುಟಗಳು ತೆರೆಯುತ್ತಿದ್ದರೂ ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದಿಲ್ಲ. ಇದು ಸೇವಾದಾರರ ದೋಷವಲ್ಲ. ಮನೆಯಲ್ಲಿ ಕೈಯಾರೆ ತುಂಬಿದ ಪ್ರಾಕ್ಸಿಯನ್ನು ನಿಷ್ಕ್ರಿಯಗೊಳಿಸಿ, ಕಾಲೇಜಿನಲ್ಲಿ ಮತ್ತೆ ಸಕ್ರಿಯಗೊಳಿಸಿದರೆ ಸಾಕು.

ಕಾಲೇಜಿನ ಗ್ರಂಥಾಲಯವು ಚಂದಾ ನೀಡಿ ಪಡೆದ ನಿಯತಕಾಲಿಕಗಳನ್ನು ಮನೆಯಿಂದ ಓದಲು ಕೆಲವೊಮ್ಮೆ ಪ್ರಾಕ್ಸಿ ಬೇಕಾಗುತ್ತದೆ. ಆಗ ಗ್ರಂಥಾಲಯವೇ ನೀಡಿದ ವಿಳಾಸ, ಸ್ಕ್ರಿಪ್ಟ್ ಅಥವಾ ಪ್ರವೇಶ ಪುಟವನ್ನು ಮಾತ್ರ ಬಳಸಬೇಕು.

ಸುರಕ್ಷತೆ

ಪ್ರಾಕ್ಸಿಯ ಮೂಲಕ ಸಾಗುವ ಎಚ್‌ಟಿಟಿಪಿ ಮಾಹಿತಿಯನ್ನು ಅದನ್ನು ನಡೆಸುವವರು ಓದಬಲ್ಲರು ಮತ್ತು ಬದಲಿಸಬಲ್ಲರು. ಎಚ್‌ಟಿಟಿಪಿಎಸ್ ತಾಣಗಳಲ್ಲಿ ಭೇಟಿ ನೀಡಿದ ತಾಣದ ಹೆಸರು ತಿಳಿದರೂ ಒಳಗಿನ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಆದರೆ ಪ್ರಾಕ್ಸಿಗಾಗಿ ಹೊಸ ಮೂಲ ಪ್ರಮಾಣಪತ್ರವನ್ನು ಗಣಕದಲ್ಲಿ ಸ್ಥಾಪಿಸಿದರೆ ಈ ರಕ್ಷಣೆಯೂ ಇಲ್ಲವಾಗಬಹುದು. ಉಚಿತ ಪ್ರಾಕ್ಸಿಗಳ ಪಟ್ಟಿಯಿಂದ ಆಯ್ದ ವಿಳಾಸದ ಮೂಲಕ ಬ್ಯಾಂಕ್ ವ್ಯವಹಾರ ನಡೆಸುವುದು ಈ ಕಾರಣದಿಂದ ಅಪಾಯಕಾರಿ.

ಸ್ವಯಂಚಾಲಿತ ಪತ್ತೆಯೂ ಸಂಪೂರ್ಣ ನಿರಪಾಯಕಾರಿಯಲ್ಲ. ಕಚೇರಿಯ ಲ್ಯಾಪ್‌ಟಾಪನ್ನು ಮನೆಯಲ್ಲಿ ಬಳಸುವಾಗ ಅದರ ಡಬ್ಲ್ಯುಪಿಎಡಿ ಕೋರಿಕೆಗಳು ಹೊರಜಾಲಕ್ಕೆ ಸೋರಿ, ಅನ್ಯರು ತಮ್ಮ ಪ್ರಾಕ್ಸಿಯನ್ನು ಹೇರಲು ಅವಕಾಶವಾಗಬಹುದೆಂದು ಅಮೆರಿಕದ ಯುಎಸ್-ಸರ್ಟ್ 2016ರ ಮೇ ತಿಂಗಳಲ್ಲಿ ಎಚ್ಚರಿಸಿತು. ಸ್ವಂತ ಗಣಕಕ್ಕೆ ಅಗತ್ಯವಿಲ್ಲದಿದ್ದರೆ ಈ ಆಯ್ಕೆಯನ್ನು ನಿಷ್ಕ್ರಿಯಗೊಳಿಸಬಹುದು. ಕಚೇರಿಯ ಗಣಕವಾದರೆ ಮೊದಲು ಅಲ್ಲಿನ ತಾಂತ್ರಿಕ ವಿಭಾಗವನ್ನು ವಿಚಾರಿಸಬೇಕು.

ದೋಷ ಪತ್ತೆ

ಬಳಕೆದಾರರು ತುಂಬದ ವಿಳಾಸವೊಂದು ಪ್ರಾಕ್ಸಿ ಪುಟದಲ್ಲಿ ಕಂಡುಬಂದರೆ ಅದನ್ನು ಪರಿಶೀಲಿಸುವುದು ಅಗತ್ಯ. 127.0.0.1 ಎಂಬುದು ಆ ಗಣಕದ್ದೇ ವಿಳಾಸ. ಅದರಲ್ಲೇ ಇರುವ ತಂತ್ರಾಂಶವೊಂದು ಮಧ್ಯವರ್ತಿಯಾಗಿರುವುದನ್ನು ಇದು ಸೂಚಿಸುತ್ತದೆ. ಕೆಲವು ಉಪಯುಕ್ತ ತಂತ್ರಾಂಶಗಳೂ ಹೀಗೆ ಮಾಡುತ್ತವೆ, ಕುತಂತ್ರಾಂಶಗಳೂ ಮಾಡುತ್ತವೆ. ಆ ತಂತ್ರಾಂಶವನ್ನು ತೆಗೆದುಹಾಕಿದ ಬಳಿಕವೂ ಸೆಟ್ಟಿಂಗ್ ಉಳಿದರೆ ಸಂಪರ್ಕ ಸ್ಥಗಿತಗೊಳ್ಳುತ್ತದೆ. ಪ್ರಾಕ್ಸಿಯನ್ನು ನಿಷ್ಕ್ರಿಯಗೊಳಿಸಿದ ನಂತರವೂ ವಿಳಾಸ ಮತ್ತೆ ಮತ್ತೆ ಮರಳುತ್ತಿದ್ದರೆ ಗಣಕವನ್ನು ಕುತಂತ್ರಾಂಶ ನಿರೋಧಕದಿಂದ ತಪಾಸಣೆ ಮಾಡಬೇಕು.